ಕೈ, ಯಂತ್ರ, ಮತ್ತೆ ಕೈ: ಬ್ರಿಸ್ಟಲಿನ ರೋನಿ ಸೈಜ್ ಮತ್ತು ಡ್ರಮ್ ಆ್ಯಂಡ್ ಬೇಸ್

ಡ್ರಮ್ ಆ್ಯಂಡ್ ಬೇಸ್ 1990ರ ದಶಕದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ನಗರಗಳಲ್ಲಿ ರೂಪುಗೊಂಡ ಕುಣಿತದ ಸಂಗೀತ. ಮೇಲೆ ನಿಮಿಷಕ್ಕೆ 160ರಿಂದ 180 ಬಡಿತಗಳ ವೇಗದಲ್ಲಿ ತುಂಡುತುಂಡಾಗಿ ಓಡುವ ಡ್ರಮ್ಮಿನ ಪೆಟ್ಟು. ಕೆಳಗೆ ಅದರ ಅರ್ಧ ವೇಗದಲ್ಲಿ ತೂಗುತ್ತ ಸಾಗುವ ಮಂದ್ರದ ಬೇಸ್. ತಾಳ ಹಾಕಿಕೊಂಡು ಸಂಗೀತ ಕೇಳುವವರಿಗೆ ಇದರ ಗುಟ್ಟು ಬೇಗ ಸಿಗುತ್ತದೆ: ಒಂದೇ ಆವರ್ತದೊಳಗೆ ಚರ್ಮದ ಸದ್ದು ಎರಡನೆಯ ಕಾಲದಲ್ಲಿದೆ, ಮಂದ್ರದ ಸದ್ದು ಒಂದನೆಯ ಕಾಲದಲ್ಲಿದೆ. ಕುಣಿಯುವವರು ಯಾವುದಕ್ಕೆ ಬೇಕಾದರೂ ಹೆಜ್ಜೆ ಹಾಕಬಹುದು.

ಈ ಸಂಗೀತ ಕಟ್ಟುವವರನ್ನು ಪ್ರೊಡ್ಯೂಸರ್ ಎಂದು ಕರೆಯುತ್ತಾರೆ. ಗಾಂಧಿನಗರದ ಮಾತಿನಲ್ಲಿ ಪ್ರೊಡ್ಯೂಸರ್ ಎಂದರೆ ಸಿನಿಮಾಕ್ಕೆ ದುಡ್ಡು ಹಾಕುವ ಧಣಿ. ಇಲ್ಲಿ ಆ ಅರ್ಥವಿಲ್ಲ. ಹಳೆಯ ರೆಕಾರ್ಡುಗಳಿಂದ ಸದ್ದನ್ನು ಆಯುವುದು, ಕತ್ತರಿಸುವುದು, ಮರಳಿ ಜೋಡಿಸುವುದು, ಬೇಸ್ ಕಟ್ಟುವುದು, ಎಲ್ಲವನ್ನೂ ಹದಕ್ಕೆ ತಂದು ಬೆರೆಸುವುದು ಒಬ್ಬನದೇ ಕೆಲಸ. ಹಾಡು ಬರೆಯುವವ, ವಾದಕ, ಧ್ವನಿ ಎಂಜಿನಿಯರ್ ಮೂವರೂ ಅವನೇ. ಈ ಕಸುಬು ಮಲಗುವ ಕೋಣೆಯ ಮೂಲೆಯಿಂದ ಎದ್ದು ಬ್ರಿಟನ್ನಿನ ದೊಡ್ಡ ಸಂಗೀತ ಬಹುಮಾನದವರೆಗೆ ನಡೆದದ್ದು ಆರೇಳು ವರ್ಷಗಳ ಅವಧಿಯಲ್ಲಿ. ಆ ನಡಿಗೆ ತಿಳಿಯಬೇಕಾದರೆ ಬ್ರಿಸ್ಟಲ್ ನಗರವನ್ನೂ, ಅಲ್ಲಿ ಬೆಳೆದ ರೋನಿ ಸೈಜ್ ಅವರ ಕೆಲಸವನ್ನೂ ನೋಡಬೇಕು.

ಮೂಲದ ಸದ್ದು ಮಾತ್ರ ಇಂಗ್ಲೆಂಡಿನದಲ್ಲ. 1969ರಲ್ಲಿ ದಿ ವಿನ್‌ಸ್ಟನ್ಸ್ ಎಂಬ ಅಮೆರಿಕದ ತಂಡ ಒಂದು ರೆಕಾರ್ಡು ಹೊರತಂದಿತು. ಅದರ ಮುಖ್ಯ ಬದಿಯ ಹಾಡಿಗೆ ಗ್ರ್ಯಾಮಿ ಬಂತು. ಹಿಂಬದಿ ತುಂಬಲು ಹಾಕಿದ 'ಆಮೆನ್, ಬ್ರದರ್' ಎಂಬ ವಾದ್ಯಸಂಗೀತದ ನಡುವೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ, ಡ್ರಮ್ಮರ್ ಗ್ರೆಗರಿ ಕೋಲ್ಮನ್ ಒಬ್ಬರೇ ನಾಲ್ಕು ಬಾರ್, ಅಂದರೆ ನಾಲ್ಕು ಆವರ್ತ, ನುಡಿಸುತ್ತಾರೆ. ಸುಮಾರು ಏಳು ಸೆಕೆಂಡಿನ ಮಾತು. ಇಂಥ ಬಿಡುವನ್ನು ಬ್ರೇಕ್ ಎನ್ನುತ್ತಾರೆ. ಈ ಬ್ರೇಕಿಗೆ ಆಮೆನ್ ಬ್ರೇಕ್ ಎಂಬ ಹೆಸರೇ ನಿಂತಿತು. ಜೇಮ್ಸ್ ಬ್ರೌನ್ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ 'ಫಂಕಿ ಡ್ರಮ್ಮರ್', ಲಿನ್ ಕಾಲಿನ್ಸ್ ಅವರ 'ಥಿಂಕ್', ಇನ್‌ಕ್ರೆಡಿಬಲ್ ಬಾಂಗೋ ಬ್ಯಾಂಡಿನ 'ಅಪಾಚೆ' ಇವುಗಳ ಬ್ರೇಕುಗಳೂ ಹೀಗೇ ಮೂಲ ಹಾಡಿನಿಂದ ಬಿಡಿಸಿಕೊಂಡು ಬೇರೆ ಬಾಳು ಕಂಡವು. ನ್ಯೂಯಾರ್ಕಿನ ಹಿಪ್‌ಹಾಪ್ ಹುಡುಗರು ಎರಡು ರೆಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ಬ್ರೇಕನ್ನು ಮತ್ತೆ ಮತ್ತೆ ತಿರುಗಿಸಿದರು. ಇಂಗ್ಲೆಂಡಿನವರು ಅದನ್ನು ಯಂತ್ರದೊಳಗೆ ಹಾಕಿ ಹೆಚ್ಚಿದರು.

ಹೆಚ್ಚುವ ಆ ಯಂತ್ರವೇ ಸ್ಯಾಂಪ್ಲರ್. ಜಪಾನಿನ ಅಕಾಯ್ ಕಂಪನಿಯ ಎಸ್950 ಮತ್ತು ಎಸ್1000 ಎಂಬ ಪೆಟ್ಟಿಗೆಗಳು 1988ರಲ್ಲಿ ಬಂದವು. ಎಸ್1000ಕ್ಕೆ ಮೊದಲಿಗೆ ಇದ್ದದ್ದು 2 ಮೆಗಾಬೈಟ್ ನೆನಪು. ಸಿಡಿ ಗುಣಮಟ್ಟದಲ್ಲಿ ಒಂದೇ ಕಡೆಯ ಸದ್ದು ತುಂಬಿದರೂ ಇಪ್ಪತ್ತಮೂರು ಇಪ್ಪತ್ತನಾಲ್ಕು ಸೆಕೆಂಡಿಗೆ ಪೆಟ್ಟಿಗೆ ಭರ್ತಿ. ಹೀಗಾಗಿ ಜುಗ್ಗತನವೇ ಒಂದು ಕಲೆಯಾಯಿತು. ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ ತುಂಬಿಕೊಂಡರೆ ಏಳು ಸೆಕೆಂಡಿನ ಬ್ರೇಕ್ ಸುಮಾರು ಐದೂಕಾಲು ಸೆಕೆಂಡಿಗೆ ಇಳಿಯುತ್ತಿತ್ತು. ಆಮೇಲೆ ಯಂತ್ರದೊಳಗೇ ಶ್ರುತಿ ತಗ್ಗಿಸಿದರಾಯಿತು. ತಗ್ಗಿಸಿದಾಗ ಸದ್ದಿಗೆ ಒಂದು ಒರಟು, ಮರಳು ಮೆತ್ತಿದಂಥ ಗುಣ ಬರುತ್ತಿತ್ತು. ಅದನ್ನು ಯಾರೂ ದೋಷವೆಂದು ಒರೆಸಿ ಹಾಕಲಿಲ್ಲ. ಬ್ರೇಕನ್ನು ಇಡಿಯಾಗಿ ಬಿಡದೆ ಕಿಕ್ ಬೇರೆ, ಸ್ನೇರ್ ಬೇರೆ, ತಾಳದ ತಟ್ಟೆಯ ಕಿಣಿಕಿಣಿ ಬೇರೆ ಎಂದು ಬಿಡಿಸಿ, ಒಂದೊಂದು ಚೂರನ್ನೂ ಕೀಲಿಮಣೆಯ ಒಂದೊಂದು ಮನೆಗೆ ಕಟ್ಟಿ, ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಹೊಸ ಕ್ರಮ ಬರೆಯುತ್ತಿದ್ದರು. ಕೋಲ್ಮನ್ ಬಾರಿಸಿದ ಪೆಟ್ಟುಗಳೇ. ಆದರೆ ಕೋಲ್ಮನ್ ಎಂದೂ ಬಾರಿಸದ ತಾಳ. ಪೆಟ್ಟಿನ ಶ್ರುತಿ ಕೆಡದಂತೆ ಕಾಲವನ್ನಷ್ಟೇ ಎಳೆಯುವ ಟೈಮ್‌ಸ್ಟ್ರೆಚ್ ಎಂಬ ಸೌಲಭ್ಯವೂ ಎಸ್1000ದಲ್ಲಿ ಬಂತು. ಅತಿಯಾಗಿ ಎಳೆದರೆ ದನಿ ಲೋಹದಂತೆ ಗರಗರ ಎನ್ನುತ್ತದೆ, ಆ ಗರಗರವೂ ಫ್ಯಾಷನ್ ಆಯಿತು.

ಬೇಸ್ ಬಂದದ್ದು ಬೇರೆ ದಾರಿಯಿಂದ. ಎರಡನೆಯ ಮಹಾಯುದ್ಧದ ನಂತರ ಜಮೈಕಾದಿಂದ ವಲಸೆ ಬಂದವರು ಸೌಂಡ್ ಸಿಸ್ಟಂ ಪದ್ಧತಿಯನ್ನು ಜೊತೆಗೆ ತಂದರು. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಬೀದಿಯಲ್ಲೋ ನೆಲಮಾಳಿಗೆಯಲ್ಲೋ ಪೇರಿಸಿ, ಮಂದ್ರದ ಸದ್ದು ಎದೆಗೆ ತಾಗುವಂತೆ ರೆಕಾರ್ಡು ನುಡಿಸುವ ರೂಢಿ ಅದು. ಒಂದು ಸಿಸ್ಟಂ ಇನ್ನೊಂದರ ಮೇಲೆ ಪಂದ್ಯಕ್ಕೆ ಬೀಳುತ್ತಿತ್ತು, ಯಾರ ಬಳಿಯೂ ಇಲ್ಲದ ಹಾಡು ಇದ್ದವನದೇ ಗೆಲುವು. ಅದಕ್ಕಾಗಿ ಒಂದೇ ಒಂದು ಪ್ರತಿ ಕೊರೆಸುತ್ತಿದ್ದ ತಟ್ಟೆಗೆ ಡಬ್‌ಪ್ಲೇಟ್ ಎಂದು ಹೆಸರು. ಅಲ್ಯೂಮಿನಿಯಂ ತಟ್ಟೆಯ ಮೇಲಿನ ಮೆದು ಲೇಪದಲ್ಲಿ ಕೊರೆದ ಅದು ಹತ್ತಾರು ಸಲ ತಿರುಗಿದರೆ ಸವೆದುಹೋಗುತ್ತದೆ. ಸವೆಯುವುದರೊಳಗೆ ಊರೆಲ್ಲ ಮಾತಾಗಬೇಕು.

ಈ ಎರಡು ಎಳೆಗಳು ಕೂಡಿದ್ದು ಲಂಡನ್ನಿನಲ್ಲಿ ರಾತ್ರಿಯಿಡೀ ಕುಣಿಯುವ ರೇವ್ ಕೂಟಗಳಲ್ಲಿ. ಹೆವನ್ ಕ್ಲಬ್ಬಿನ 'ರೇಜ್' ರಾತ್ರಿಗಳಲ್ಲಿ ಫೇಬಿಯೊ ಮತ್ತು ಗ್ರೂವ್‌ರೈಡರ್ ಎಂಬ ಡಿಜೆಗಳು ಬ್ರೇಕ್ ತುಂಬಿದ ರೆಕಾರ್ಡುಗಳ ವೇಗ ಏರಿಸುತ್ತ ಹೋದರು. ಕೂಲ್ ಎಫ್ಎಂನಂಥ ಪರವಾನಗಿ ಇಲ್ಲದ ರೇಡಿಯೊ ಕೇಂದ್ರಗಳು ಬಹುಮಹಡಿ ಕಟ್ಟಡಗಳ ನೆತ್ತಿಯಿಂದ ಅದನ್ನು ಬಿತ್ತರಿಸಿದವು. 1992ರ ಹೊತ್ತಿಗೆ ಇದಕ್ಕೆ ಜಂಗಲ್ ಎಂಬ ಹೆಸರು ಬಿತ್ತು. 1994ರಲ್ಲಿ ಜನರಲ್ ಲೆವಿ ದನಿ ಕೊಟ್ಟ 'ಇನ್‌ಕ್ರೆಡಿಬಲ್' ಜನಪ್ರಿಯ ಹಾಡುಗಳ ಪಟ್ಟಿಗೇ ಏರಿತು. ಅದೇ ವರ್ಷ ಸರ್ಕಾರ ಬಯಲಿನ ರೇವ್ ಕೂಟಗಳಿಗೆ ಕಡಿವಾಣ ಹಾಕುವ ಕ್ರಿಮಿನಲ್ ಜಸ್ಟಿಸ್ ಕಾಯ್ದೆ ತಂದು, ಮರುಕಳಿಸುವ ಬಡಿತದ ಸಂಗೀತ ಎಂದರೇನು ಎಂದು ಕಾನೂನಿನ ಭಾಷೆಯಲ್ಲಿ ವಿವರಿಸಲು ಹೊರಟಿತು. ಒಂದು ಪೆಟ್ಟು ಇನ್ನೊಂದರಂತೆ ಬೀಳದ ಜಂಗಲ್‌ಗೆ ಆ ವಿವರಣೆ ಎಷ್ಟು ಹೊಂದುತ್ತಿತ್ತು ಎಂಬುದು ಬೇರೆ ಮಾತು. ಕೂಟಗಳು ಬಯಲಿನಿಂದ ಕ್ಲಬ್ಬುಗಳ ಒಳಗೆ ಬಂದವು. ಹೆಸರೂ ಮೆಲ್ಲಗೆ ಡ್ರಮ್ ಆ್ಯಂಡ್ ಬೇಸ್ ಎಂದಾಯಿತು. ಪ್ರೊಡ್ಯೂಸರ್ ಗೋಲ್ಡಿಯವರ 'ಟೈಮ್‌ಲೆಸ್' 1995ರಲ್ಲಿ ಬಂದು, ಈ ಸಂಗೀತದಲ್ಲಿ ಕುಳಿತು ಕೇಳುವಂಥ ಇಡೀ ಆಲ್ಬಂ ಸಾಧ್ಯವೆಂದು ತೋರಿಸಿತು.

ಲಂಡನ್ನಿಗೆ ಇನ್ನೂರು ಕಿಲೋಮೀಟರಿಗೆ ತುಸು ಕಡಿಮೆ ದೂರದಲ್ಲಿ, ಪಶ್ಚಿಮಕ್ಕೆ ಬ್ರಿಸ್ಟಲ್ ಇದೆ. ಭಾರತದವರಿಗೆ ಈ ಊರು ರಾಜಾ ರಾಮಮೋಹನ ರಾಯರು 1833ರಲ್ಲಿ ತೀರಿಕೊಂಡ ಜಾಗವಾಗಿ ಪರಿಚಿತ; ಅವರ ಸಮಾಧಿ ಇಂದಿಗೂ ಅಲ್ಲಿನ ಆರ್ನೋಸ್ ವೇಲ್ ಸ್ಮಶಾನದಲ್ಲಿದೆ. ಆ ಬಂದರಿನ ಸಿರಿವಂತಿಕೆಯ ಬುಡದಲ್ಲಿ ಗುಲಾಮರ ವ್ಯಾಪಾರವಿತ್ತು. 1698ರಿಂದ 1807ರವರೆಗೆ ಬ್ರಿಸ್ಟಲಿನ ಹಡಗುಗಳು ಎರಡು ಸಾವಿರಕ್ಕೂ ಹೆಚ್ಚು ಯಾನಗಳಲ್ಲಿ ಸುಮಾರು ಐದು ಲಕ್ಷ ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟಿಸಿದವು. ಹೀಗೆ ಸಾಗಿಸಲ್ಪಟ್ಟವರ ಸಂತತಿಯವರು ಇಪ್ಪತ್ತನೆಯ ಶತಮಾನದ ನಡುವೆ ಜಮೈಕಾದಿಂದ ಕೆಲಸ ಹುಡುಕಿಕೊಂಡು ಅದೇ ಊರಿಗೆ ಬಂದಿಳಿದರು. ಬಾಡಿಗೆ ಮನೆ ಸಿಕ್ಕಿದ್ದು ಹೆಚ್ಚಾಗಿ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ. ನಗರದ ಬಸ್ ಕಂಪನಿ ಬಿಳಿಯರಲ್ಲದವರನ್ನು ಚಾಲಕ, ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. 1963ರಲ್ಲಿ ನಾಲ್ಕು ತಿಂಗಳು ಬಸ್ ಬಹಿಷ್ಕಾರ ನಡೆದು ಆ ನಿಷೇಧ ಬಿದ್ದುಹೋಯಿತು. ಮೊದಲು ಟಿಕೆಟ್ ಚೀಲ ಹೆಗಲಿಗೇರಿಸಿದವರು ರಘಬೀರ್ ಸಿಂಗ್ ಎಂಬ ಸಿಖ್ಖರು. 1968ರಲ್ಲಿ ಸೇಂಟ್ ಪಾಲ್ಸಿನ ಬೀದಿ ಉತ್ಸವ ಶುರುವಾಯಿತು. 1980ರ ಏಪ್ರಿಲ್ 2ರಂದು ಪೊಲೀಸರು ಅಲ್ಲಿನ ಒಂದು ಕೆಫೆಗೆ ದಾಳಿಯಿಟ್ಟಾಗ ಬಡಾವಣೆಯೇ ಹೊತ್ತಿ ಉರಿಯಿತು.

ಗಲಭೆಯ ನಂತರದ ದಶಕದಲ್ಲೇ ಬ್ರಿಸ್ಟಲಿನ ಸಂಗೀತ ಕಣ್ಣು ತೆರೆದದ್ದು. ವೈಲ್ಡ್ ಬಂಚ್ ಎಂಬ ಸೌಂಡ್ ಸಿಸ್ಟಂ ಕರಿಯ, ಬಿಳಿಯ ಹುಡುಗರನ್ನು ಒಂದೇ ನೆಲಮಾಳಿಗೆಗೆ ತಂದು ರೆಗೆ, ಸೋಲ್, ಪಂಕ್, ಹಿಪ್‌ಹಾಪ್ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ನುಡಿಸುತ್ತಿತ್ತು. ಅದರಿಂದ ಹುಟ್ಟಿದ ಮ್ಯಾಸಿವ್ ಅಟ್ಯಾಕ್ 1991ರಲ್ಲಿ 'ಬ್ಲೂ ಲೈನ್ಸ್' ತಂದಿತು; 1994ರಲ್ಲಿ ಪೋರ್ಟಿಸ್‌ಹೆಡ್ ತಂಡದ 'ಡಮ್ಮಿ', ಮರುವರ್ಷ ಟ್ರಿಕಿಯ 'ಮ್ಯಾಕ್ಸಿನ್‌ಕೇ'. ಇವೆಲ್ಲ ನಿಧಾನದ ಸಂಗೀತ. ಬ್ರಿಸ್ಟಲ್ ಎಂದರೆ ಮಂಕು ಬೆಳಕಿನ, ಸೋಮಾರಿ ನಡೆಯ ಊರು ಎಂಬ ಮಾತು ಪತ್ರಿಕೆಗಳಲ್ಲಿ ಹಬ್ಬಿತು. ಅದೇ ಬೀದಿಗಳಲ್ಲಿ ಇಮ್ಮಡಿ ವೇಗದ ಇನ್ನೊಂದು ಸಂಗೀತ ಬೆಳೆಯುತ್ತಿದ್ದದ್ದು ಹೊರಗಿನವರ ಕಿವಿಗೆ ತಡವಾಗಿ ಬಿತ್ತು.

ರೋನಿ ಸೈಜ್ ಹುಟ್ಟಿದ್ದು 1969ರ ಅಕ್ಟೋಬರ್ 29ರಂದು. ನಿಜ ಹೆಸರು ರಯನ್ ವಿಲಿಯಮ್ಸ್. ತಂದೆ ತಾಯಿ ಜಮೈಕಾದಿಂದ ವಲಸೆ ಬಂದವರು, ಮನೆ ಸೇಂಟ್ ಪಾಲ್ಸಿಗೆ ಹತ್ತಿರದ ಸೇಂಟ್ ಆ್ಯಂಡ್ರ್ಯೂಸ್ ಬಡಾವಣೆಯಲ್ಲಿ. ಹದಿಹರೆಯದಲ್ಲೇ ಸೌಂಡ್ ಸಿಸ್ಟಂಗಳ ಸುತ್ತ ಓಡಾಡಿ, ವೈಲ್ಡ್ ಬಂಚ್ ಕೂಟಗಳಲ್ಲಿ ಕಿವಿ ಹದಗೊಳಿಸಿಕೊಂಡರು. ಹದಿನಾರನೆಯ ವಯಸ್ಸಿಗೆ ಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗನಿಗೆ ಬಾಗಿಲು ತೆರೆದದ್ದು ಸೆಫ್ಟನ್ ಪಾರ್ಕ್ ಯುವಕೇಂದ್ರ. ಅಲ್ಲಿ ಬಡಾವಣೆಯ ಮಕ್ಕಳ ಬಳಕೆಗೆ ಸಂಗೀತದ ಯಂತ್ರಗಳಿದ್ದವು. ಆ ಕಾಲಕ್ಕೆ ಒಂದು ಸ್ಯಾಂಪ್ಲರಿನ ಬೆಲೆ ದುಡಿಯುವ ಮನೆತನದ ಹುಡುಗನ ಕೈಗೆ ನಿಲುಕುವಂಥದ್ದಲ್ಲ. ಸಾರ್ವಜನಿಕ ಹಣದಲ್ಲಿ ನಡೆಯುವ ಕೇಂದ್ರದ ಹಂಚಿಕೆಯ ಯಂತ್ರ ಇಲ್ಲದಿದ್ದರೆ ಈ ಕಥೆಯಲ್ಲಿ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. 2010ರ ನಂತರ ಇಂಗ್ಲೆಂಡಿನಾದ್ಯಂತ ಸ್ಥಳೀಯ ಸಂಸ್ಥೆಗಳ ಖರ್ಚು ಕಡಿತಕ್ಕೆ ಬಲಿಯಾದವುಗಳಲ್ಲಿ ಇಂಥ ಕೇಂದ್ರಗಳೂ ಇದ್ದವು.

ಜೊತೆಗಾರರು ಊರಲ್ಲೇ ಇದ್ದರು. ಕ್ರಸ್ಟ್ ಮತ್ತು ಸುವ್ ಇಬ್ಬರೂ ಫ್ರೆಶ್ ಫೋರ್ ಎಂಬ ತಂಡದಲ್ಲಿದ್ದವರು. ಸ್ಮಿತ್ ಆ್ಯಂಡ್ ಮೈಟಿ ಜೋಡಿ ಸಿದ್ಧಪಡಿಸಿಕೊಟ್ಟ ಅವರ 'ವಿಶಿಂಗ್ ಆನ್ ಎ ಸ್ಟಾರ್' 1989ರಲ್ಲಿ ಬ್ರಿಟನ್ನಿನ ಮೊದಲ ಹತ್ತು ಹಾಡುಗಳಲ್ಲಿ ಒಂದಾಗಿತ್ತು. ಡಿಜೆ ಡೈ ನಾಲ್ಕನೆಯವರು. 1993ರಲ್ಲಿ ನಾಲ್ವರೂ ಸೇರಿ ಫುಲ್ ಸೈಕಲ್ ಎಂಬ ಸ್ವಂತ ರೆಕಾರ್ಡ್ ಲೇಬಲ್ ತೆರೆದರು. ಅದೇ ವರ್ಷ ಲಂಡನ್ನಿನಲ್ಲಿ ಬ್ರಯನ್ ಗೀ ಮತ್ತು ಜಂಪಿನ್ ಜ್ಯಾಕ್ ಫ್ರಾಸ್ಟ್ ಎಂಬ ಡಿಜೆಗಳು ವಿ ರೆಕಾರ್ಡಿಂಗ್ಸ್ ಆರಂಭಿಸಿ ಬ್ರಿಸ್ಟಲಿನವರ ಕೆಲಸಕ್ಕೆ ರಾಜಧಾನಿಯ ಬಾಗಿಲು ತೆರೆದರು. ಸೈಜ್ ಅವರ 'ಇಟ್ಸ್ ಎ ಜಾಝ್ ಥಿಂಗ್', ಡೈ ಜೊತೆಗಿನ 'ಮ್ಯೂಸಿಕ್ ಬಾಕ್ಸ್' ಈ ಕಾಲದವು. ಲಂಡನ್ನಿನ ಜಂಗಲ್ ಪೆಟ್ಟಿನ ಮೇಲೆ ಪೆಟ್ಟು ಪೇರಿಸುತ್ತಿದ್ದಾಗ ಇವರು ಪೆಟ್ಟುಗಳ ನಡುವೆ ಜಾಗ ಬಿಟ್ಟರು. ಬೇಸಿಗೆ ಉಸಿರಾಡಲು ಸ್ಥಳ ಸಿಕ್ಕಿತು, ಅದರ ಮೇಲೆ ಜಾಝ್ ಕೀಲಿಮಣೆಯ ಒಂದು ಎಳೆ. ನಿಧಾನದ ಬ್ರಿಸ್ಟಲ್ ಎನ್ನುತ್ತಿದ್ದರಲ್ಲ, ಆ ನಿಧಾನ ಈ ವೇಗದ ಸಂಗೀತದ ಕೆಳಪದರದಲ್ಲೂ ಇತ್ತು.

ನಾಲ್ವರ ಕೈಗುಣ ಒಂದೇ ಬಗೆಯದಲ್ಲ. ಕ್ರಸ್ಟ್ ಅವರದು ಕತ್ತಲೆಯ, ಉದ್ದನೆಯ, ಕಾದು ಕಾದು ಒಡೆಯುವ ರಚನೆ. ಡೈ ಫಂಕ್ ಪ್ರಿಯರು. ಸೈಜ್ ಎಲ್ಲೂ ನೆಲೆ ಊರಲಿಲ್ಲ: ಒಂದು ರೆಕಾರ್ಡಿನಲ್ಲಿ ಕ್ಲಬ್ಬಿನ ನೆಲ ಅದುರಿಸುವ ಒರಟು ಬೇಸ್, ಮುಂದಿನದರಲ್ಲಿ ಹಾಡುಗಾರಿಕೆ, ಅದರಾಚೆ ಹಿಪ್‌ಹಾಪ್. ಬಹುಮುಖಿ ಎಂದು ಅವರನ್ನು ಹೊಗಳುವುದುಂಟು. ಆ ಬಹುಮುಖತೆಯನ್ನು ಒಬ್ಬನ ಪ್ರತಿಭೆ ಎಂದಷ್ಟೇ ನೋಡಿದರೆ ಅರ್ಧ ಸತ್ಯ ಸಿಗುತ್ತದೆ. ಯಂತ್ರ, ರೆಕಾರ್ಡು, ಕಲ್ಪನೆ ಮೂರನ್ನೂ ಹಂಚಿಕೊಳ್ಳುವ ಗುಂಪಿನಲ್ಲಿ, ಎಲ್ಲ ಬಗೆಯ ಸಂಗೀತವನ್ನೂ ಒಂದೇ ರಾತ್ರಿ ಕೇಳುವ ಊರಿನಲ್ಲಿ ಅದು ಅಭ್ಯಾಸವಾಗಿಯೇ ಬಂದದ್ದು.

ಗುಂಪನ್ನು ವೇದಿಕೆಗೆ ತರುವ ಯೋಚನೆಯಿಂದ ರೆಪ್ರೆಜೆಂಟ್ ಹುಟ್ಟಿತು. ನಾಲ್ವರು ಪ್ರೊಡ್ಯೂಸರುಗಳ ಜೊತೆಗೆ ಹಾಡುಗಾರ್ತಿ ಒನಾಲಿ, ಮಾತುಗಾರ ಡೈನಮೈಟ್ ಎಂಸಿ, ಡಬಲ್ ಬೇಸಿಗೆ ಸೈ ಜಾನ್, ಡ್ರಮ್ಮಿಗೆ ಕ್ಲೈವ್ ಡೀಮರ್. ಡೀಮರ್ ಅದಾಗಲೇ ಪೋರ್ಟಿಸ್‌ಹೆಡ್ ಜೊತೆ ನುಡಿಸಿದ್ದವರು, ಮುಂದೆ ರೇಡಿಯೊಹೆಡ್ ತಂಡದ ಪ್ರವಾಸಗಳಲ್ಲೂ ಕುಳಿತವರು. ಅವರ ಪಾಲಿಗೆ ಬಂದ ಕೆಲಸ ವಿಚಿತ್ರವಾದದ್ದು. ಒಬ್ಬ ಡ್ರಮ್ಮರ್ ನುಡಿಸಿದ್ದನ್ನು ಯಂತ್ರ ಚೂರು ಮಾಡಿ, ಮನುಷ್ಯನ ಕೈಗೆ ಆಗದ ವೇಗದಲ್ಲಿ ಮರುಜೋಡಿಸಿತ್ತು. ಈಗ ಇನ್ನೊಬ್ಬ ಡ್ರಮ್ಮರ್ ಆ ಯಂತ್ರದ ತಾಳವನ್ನು ಕೈಯಲ್ಲಿ ನುಡಿಸಬೇಕು. ನಿಮಿಷಕ್ಕೆ ನೂರೆಪ್ಪತ್ತರ ವೇಗದಲ್ಲಿ, ಪೂರ್ತಿ ಕಛೇರಿಯ ಉದ್ದಕ್ಕೂ. ಡೀಮರ್ ನುಡಿಸಿದರು. ಸ್ಯಾಂಪ್ಲರಿನ ನೆನಪಿನ ಪೆಟ್ಟಿಗೆಯಿಂದ ತಾಳ ಮರಳಿ ಮೈಗೆ ಬಂತು.

ಗಿಲ್ಸ್ ಪೀಟರ್ಸನ್ 1990ರಲ್ಲಿ ಸ್ಥಾಪಿಸಿದ ಟಾಕಿನ್ ಲೌಡ್ ಎಂಬ ಜಾಝ್ ಒಲವಿನ ಲೇಬಲ್ 1997ರ ಜೂನ್‌ನಲ್ಲಿ ರೆಪ್ರೆಜೆಂಟ್ ತಂಡದ 'ನ್ಯೂ ಫಾರ್ಮ್ಸ್' ಹೊರತಂದಿತು. ಎರಡು ಸಿಡಿಗಳ ದೀರ್ಘ ಆಲ್ಬಂ. ಇದರ ಹೆಸರುವಾಸಿ ತುಣುಕು 'ಬ್ರೌನ್ ಪೇಪರ್ ಬ್ಯಾಗ್'. ಗಿಟಾರಿನ ಸಣ್ಣ ಮೀಟು, ಅದರಡಿ ಡಬಲ್ ಬೇಸಿನ ಮರದ ದನಿ. ಕೇಳುವವರು ಇದು ಜಾಝ್ ತಂಡವೇ ಇರಬೇಕು ಎಂದುಕೊಳ್ಳುವ ಹೊತ್ತಿಗೆ ಡ್ರಮ್ ಬಂದು ನೆಲವನ್ನೇ ಜಾರಿಸುತ್ತದೆ. 'ಶೇರ್ ದ ಫಾಲ್', 'ಹೀರೋಸ್' ಎರಡರಲ್ಲೂ ಒನಾಲಿಯ ದನಿ ಮುಂದೆ ನಿಲ್ಲುತ್ತದೆ. ಶೀರ್ಷಿಕೆಯ ತುಣುಕಿನಲ್ಲಿ ಫಿಲಡೆಲ್ಫಿಯದ ರ್‍ಯಾಪರ್ ಬಹಾಮಡಿಯಾ ಅಷ್ಟು ವೇಗದ ತಾಳದ ಮೇಲೆ ಅವಸರವೇ ಇಲ್ಲದೆ ಮಾತಾಡುತ್ತಾರೆ. ಆಲ್ಬಂ ಉದ್ದವಾಯಿತು, ಎರಡನೆಯ ಸಿಡಿಯಲ್ಲಿ ಒಂದೆರಡು ರಚನೆ ಕೈಬಿಟ್ಟಿದ್ದರೆ ನಷ್ಟವಿರಲಿಲ್ಲ. ಹಾಗಿದ್ದೂ ಕ್ಲಬ್ಬಿನ ಸಂಗೀತ, ಮನೆಯಲ್ಲಿ ಕುಳಿತು ಕೇಳುವ ಸಂಗೀತ, ವೇದಿಕೆಯಲ್ಲಿ ನುಡಿಸುವ ಸಂಗೀತ ಎಂಬ ಮೂರು ಗೋಡೆಗಳನ್ನು ಒಟ್ಟಿಗೆ ದಾಟಿದ ಕೃತಿ ಈ ಪ್ರಕಾರದಲ್ಲಿ ಅದಕ್ಕೆ ಮೊದಲು ಇರಲಿಲ್ಲ.

ಬ್ರಿಟನ್ನಿನ ವರ್ಷದ ಅತ್ಯುತ್ತಮ ಆಲ್ಬಂಗೆ ಕೊಡುವ ಮರ್ಕ್ಯುರಿ ಬಹುಮಾನ 1992ರಲ್ಲಿ ಆರಂಭವಾದದ್ದು. 1997ರ ಅಂತಿಮ ಪಟ್ಟಿಯಲ್ಲಿ ರೇಡಿಯೊಹೆಡ್‌ನ 'ಓಕೆ ಕಂಪ್ಯೂಟರ್', ಪ್ರಾಡಿಜಿಯ 'ದ ಫ್ಯಾಟ್ ಆಫ್ ದ ಲ್ಯಾಂಡ್', ಸ್ಪೈಸ್ ಗರ್ಲ್ಸ್ ಅವರ ಮೊದಲ ಆಲ್ಬಂ ಇದ್ದವು. ಗೆದ್ದದ್ದು 'ನ್ಯೂ ಫಾರ್ಮ್ಸ್'. ಎರಡು ವರ್ಷಗಳ ಹಿಂದೆ 'ಡಮ್ಮಿ' ಗೆದ್ದಿತ್ತು, ಹೀಗಾಗಿ ಬ್ರಿಸ್ಟಲಿಗೆ ಇದು ಎರಡನೆಯ ಸಲ. 'ಓಕೆ ಕಂಪ್ಯೂಟರ್' ಸೋತದ್ದು ಅನ್ಯಾಯವೆಂದು ವಾದಿಸುವವರು ಇವತ್ತಿಗೂ ಇದ್ದಾರೆ. ಕಾಲದ ಪರೀಕ್ಷೆಯಲ್ಲಿ ಅದಕ್ಕೆ ಹೆಚ್ಚು ಕೇಳುಗರು ಉಳಿದದ್ದು ನಿಜ. ಆದರೆ ಆ ವರ್ಷ ಹೊಸದಾಗಿ ಏನು ಹುಟ್ಟಿತು ಎಂದು ಕೇಳಿದರೆ ತೀರ್ಪುಗಾರರ ಆಯ್ಕೆ ತಪ್ಪೆನ್ನಲಾಗದು. ಬಹುಮಾನದ ಹಣದಲ್ಲಿ ಸೈಜ್ ತಾವು ಕಲಿತ ಯುವಕೇಂದ್ರಕ್ಕೆ ಪಾಲು ಕೊಟ್ಟರು.

ಗೆಲುವಿನ ನಂತರದ ಹಾದಿ ಏರಿಳಿತದ್ದು. ಡೈ ಮತ್ತು ಹಾಡುಗಾರ್ತಿ ಲಿಯೊನಿ ಲಾಸ್ ಜೊತೆ ಸೈಜ್ ಕಟ್ಟಿದ ಬ್ರೇಕ್‌ಬೀಟ್ ಎರಾ 1999ರಲ್ಲಿ ಒಂದು ಆಲ್ಬಂ ತಂದಿತು. ಅದೇ ವರ್ಷ ಕ್ರಸ್ಟ್ ಅವರ 'ಕೋಡೆಡ್ ಲ್ಯಾಂಗ್ವೇಜ್' ಬಂತು, ಅದರಲ್ಲಿ ಅಮೆರಿಕದ ಕವಿ ಸೌಲ್ ವಿಲಿಯಮ್ಸ್ ದನಿಯಿದೆ. 2000ದಲ್ಲಿ ರೆಪ್ರೆಜೆಂಟ್ ತಂಡದ ಎರಡನೆಯ ಆಲ್ಬಂ 'ಇನ್ ದ ಮೋಡ್' ಮೆಥಡ್ ಮ್ಯಾನ್, ರಾಜೆಲ್, ಜ್ಯಾಕ್ ಡಿ ಲಾ ರೋಚಾ ಮೊದಲಾದ ಅಮೆರಿಕದ ದೊಡ್ಡ ಹೆಸರುಗಳನ್ನು ಕರೆತಂದಿತು. ಹೆಸರು ಹೆಚ್ಚಿದಷ್ಟು ಬಿಗಿ ಹೆಚ್ಚಲಿಲ್ಲ. ಆ ಹೊತ್ತಿಗೆ ಲಂಡನ್ನಿನ ಕ್ಲಬ್ಬುಗಳು ಗ್ಯಾರೇಜ್ ಎಂಬ ಇನ್ನೊಂದು ಕುಣಿತದ ಹಿಂದೆ ಹೋಗಿದ್ದವು. ಸೈಜ್ 2002ರಲ್ಲಿ 'ಟಚಿಂಗ್ ಡೌನ್', 2004ರಲ್ಲಿ 'ರಿಟರ್ನ್ ಟು ವಿ' ಹೊರತಂದು ಮರಳಿ ಕ್ಲಬ್ಬಿನ ನೆಲಕ್ಕೇ ಇಳಿದರು. ಎರಡನೆಯದರ ಹೆಸರೇ ಹೇಳುವಂತೆ, ಅದು ಮೊದಲು ಕೈಹಿಡಿದ ವಿ ರೆಕಾರ್ಡಿಂಗ್ಸಿನಿಂದಲೇ ಬಂತು. 'ಟೇಕ್ ಕಂಟ್ರೋಲ್' 2014ರದು.

ಈ ತಾಳದ ಪ್ರಭಾವ ಡ್ರಮ್ ಆ್ಯಂಡ್ ಬೇಸ್ ಆಚೆಗೂ ಹಬ್ಬಿತ್ತು. 1999ರ ಮರ್ಕ್ಯುರಿ ಬಹುಮಾನ ಲಂಡನ್ನಿನಲ್ಲಿ ಹುಟ್ಟಿ ಬೆಳೆದ ತಬಲಾ ವಾದಕ ತಲ್ವಿನ್ ಸಿಂಗ್ ಅವರ 'ಓಕೆ' ಆಲ್ಬಂಗೆ ಸಂದಿತು. ಹಾಕ್ಸ್‌ಟನ್ನಿನ ಬ್ಲೂ ನೋಟ್ ಕ್ಲಬ್ಬಿನಲ್ಲಿ 'ಅನೋಖಾ' ಎಂಬ ರಾತ್ರಿಗಳನ್ನು ನಡೆಸಿ, ತಬಲೆಯ ಬೋಲುಗಳನ್ನು ಇದೇ ಮುರಿದ ತಾಳಗಳ ಜೊತೆ ಹೆಣೆದವರು ಅವರು. ಗೋಲ್ಡಿಯ ಮೆಟಲ್‌ಹೆಡ್ಸ್ ಲೇಬಲ್ಲಿನ ಭಾನುವಾರದ ಕೂಟಗಳು ನಡೆಯುತ್ತಿದ್ದದ್ದೂ ಅದೇ ಕ್ಲಬ್ಬಿನಲ್ಲಿ. ಆದರೆ ಡ್ರಮ್ ಆ್ಯಂಡ್ ಬೇಸ್ ತಂಡವೊಂದು ಮರ್ಕ್ಯುರಿ ಬಹುಮಾನ ಗೆದ್ದದ್ದು 1997ರ ಆ ಒಂದೇ ಸಲ.

ತನ್ನ ತಂಡದ ಏಳು ಸೆಕೆಂಡು ಸಮುದ್ರದಾಚೆ ಒಂದು ಸಂಗೀತವನ್ನೇ ಕಟ್ಟಿದೆ ಎಂಬ ಸುದ್ದಿ ವಿನ್‌ಸ್ಟನ್ಸ್ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ ಮುಟ್ಟಿದ್ದು 1996ರಲ್ಲಿ, 'ನ್ಯೂ ಫಾರ್ಮ್ಸ್' ಬರುವುದಕ್ಕೆ ಒಂದು ವರ್ಷ ಮೊದಲು. ಅಷ್ಟರಲ್ಲಿ ಹಕ್ಕು ಕೇಳುವ ಕಾನೂನಿನ ಗಡುವು ದಾಟಿತ್ತು. 2015ರಲ್ಲಿ ಬ್ರಿಟನ್ನಿನ ಸಂಗೀತಪ್ರಿಯರು ಚಂದಾ ಎತ್ತಿ ಅವರಿಗೆ 24,000 ಪೌಂಡ್ ಕೊಟ್ಟರು. ಆ ಪೆಟ್ಟುಗಳನ್ನು ಬಾರಿಸಿದ ಗ್ರೆಗರಿ ಕೋಲ್ಮನ್ ಒಂಬತ್ತು ವರ್ಷ ಮೊದಲೇ, 2006ರಲ್ಲಿ, ಅಟ್ಲಾಂಟಾದಲ್ಲಿ ಇರಲು ಮನೆಯೂ ಇಲ್ಲದೆ ತೀರಿಕೊಂಡಿದ್ದರು.